ಅಮಾನತಾದ ಹರಾಜು ಖಾತೆ ವಾಪಸ್ ಸಿಕ್ಕಿದ ಬಗೆ

ಆನ್‌ಲೈನ್ ಹರಾಜು ತಾಣದಲ್ಲಿ ಮಾರಾಟದ ಖಾತೆ ಸಸ್ಪೆಂಡ್ ಆದ ಕೂಡಲೇ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ. ಹೆಂಡತಿಯ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇನ್ನೊಂದು ಖಾತೆ ತೆರೆದು ಸುಮ್ನೆ ಮುಂದುವರಿಸುವುದು. ಉಡುಪಿಯಲ್ಲಿ ಕಂಡವರೆಲ್ಲ ನನಗೂ ಅದನ್ನೇ ಹೇಳಿದರು. ದಯವಿಟ್ಟು ಅದೊಂದು ಮಾಡಬೇಡಿ. ನನ್ನ ಖಾತೆ ಬಿದ್ದದ್ದೇ ಒಂದು ಮನೆಯಲ್ಲಿ ಎರಡು ಖಾತೆ ಇವೆ ಅನ್ನುವ ಕಾರಣಕ್ಕೆ. ಆ ಕಾರಣ ಏನು ಅಂತ ತಿಳಿಯುವುದೇ ಅರ್ಧ ಕೆಲಸ ಆಗಿತ್ತು.

ನಾನು ಮಾರುವುದು ಸಣ್ಣಪುಟ್ಟ ಕಾಗದದ ಸಾಮಾನು. ಹಳೆ ಅಂಚೆಚೀಟಿ, ಹೊಸ ಚೀಟಿ ಬಿಡುಗಡೆಯಾದ ಮೊದಲ ದಿನದ ಮುದ್ರೆ ಬಿದ್ದ ಲಕೋಟೆ, ಬೆಂಕಿಪೊಟ್ಟಣದ ಲೇಬಲ್, ಮಂಗಳೂರು ಕಡೆಯ ಬೀಡಿ ಕಟ್ಟಿನ ಲೇಬಲ್. ಊರಲ್ಲಿ ಇವಕ್ಕೆ ಗಿರಾಕಿ ಕಮ್ಮಿ. ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕದಲ್ಲಿ ಬೇಕಾದಷ್ಟು ಜನ ಉಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದದ್ದರ ಪ್ರಭಾವವೋ ಏನೋ, ಸ್ವಿಸ್ ಗಿರಾಕಿಗಳಿಗೆ ಕರಾವಳಿಯದ್ದು ಅಂದರೆ ಒಂದು ಚೂರು ಕಾಗದವಾದರೂ ಸರಿ. ಮನೆಯಲ್ಲಿ ಕೂತು ಮಾಡುವ ವ್ಯಾಪಾರವಾದರೂ ನಾನು ಕ್ರಮವಾಗಿಯೇ ಮಾಡುತ್ತಿದ್ದೆ. 500 ರೂಪಾಯಿ ಕಟ್ಟಿ, ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಮಾಡಿಸಿದ್ದೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಪೋರ್ಟಲ್‌ನಲ್ಲಿ ರಫ್ತು ಬಿಲ್ ತುಂಬಿಸಿ, ಅಂಚೆಚೀಟಿಗೆ 9704 ಅನ್ನುವ ಕಸ್ಟಮ್ಸ್ ಸಂಖ್ಯೆ ಹಾಕಿ ಕಳಿಸುತ್ತಿದ್ದೆ. ರಸೀದಿ ಎಲ್ಲ ಫೈಲಿನಲ್ಲಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

2025ರ ಜೂನ್‌ನಲ್ಲಿ ಮಳೆ ಜೋರಾಗಿ ಹಿಡಿದ ಹೊತ್ತಿಗೆ ಆ ಇಮೇಲ್ ಬಂತು. ನಿಮ್ಮ ಖಾತೆಯನ್ನು ಅನಿರ್ದಿಷ್ಟ ಕಾಲಕ್ಕೆ ಅಮಾನತು ಮಾಡಿದ್ದೇವೆ, ನಿಮ್ಮ ಚಟುವಟಿಕೆಯಿಂದ ಇತರರಿಗೆ ಅಪಾಯ ಕಂಡಿದೆ ಅಂತ. ಯಾವ ಚಟುವಟಿಕೆ, ಯಾರಿಗೆ ಅಪಾಯ, ಒಂದೂ ಇಲ್ಲ. ಹರಾಜಿಗೆ ಇಟ್ಟಿದ್ದ ಲಿಸ್ಟಿಂಗ್‌ಗಳೆಲ್ಲ ಮಾಯ. ಬಿಡ್ ಬಂದಿದ್ದವೂ ಸೇರಿ. ಬರಬೇಕಿದ್ದ ಹಣ ಹೋಲ್ಡ್.

ನನಗೆ ಮೊದಲು ಅನುಮಾನ ಬಂದದ್ದು ಹಳೆ ವಸ್ತುಗಳ ಕಾನೂನಿನ ಮೇಲೆ. ಹಳೆ ಸಾಮಾನು ಮಾರುವವರಿಗೆಲ್ಲ ಆ ಹೆದರಿಕೆ ಇದ್ದದ್ದೇ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ, ವಿಗ್ರಹ, ಚಿತ್ರ ಇತ್ಯಾದಿಗಳನ್ನು ನಾವು ನೀವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಬೆಲೆಬಾಳುವ ಹಸ್ತಪ್ರತಿಗಳಿಗೆ ಆ ಮಿತಿ 75 ವರ್ಷ. ಅದಕ್ಕೇ ನಾನು ಸ್ವಾತಂತ್ರ್ಯದ ನಂತರದ ಸಾಮಾನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಆದರೂ ಯಾರಾದರೂ ತಪ್ಪು ತಿಳಿದು ದೂರು ಕೊಟ್ಟಿರಬಹುದಾ ಅಂತ ನನ್ನ ಹಳೆ ಲಿಸ್ಟಿಂಗ್‌ಗಳನ್ನೆಲ್ಲ ಇಮೇಲ್‌ನಿಂದ ಹೆಕ್ಕಿ ಪಟ್ಟಿ ಮಾಡಿದೆ. ಎಲ್ಲ 1947ರ ಈಚಿನದ್ದು. ಸುಮ್ನೆ ಮಂಡೆ ಬಿಸಿ ಮಾಡಿಕೊಂಡದ್ದೇ ಬಂತು.

ಆಮೇಲೆ ತಾಣದ ಸಹಾಯದ ಚಾಟ್. ಚಾಟ್‌ನಲ್ಲಿ ಸಿಗುವವರು ಬಹಳ ವಿನಯದವರು. ಹೆಸರು ಕೇಳುತ್ತಾರೆ, ಹೇಗಿದ್ದೀರಿ ಅನ್ನುತ್ತಾರೆ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಅನ್ನುತ್ತಾರೆ. ಆದರೆ ತೀರ್ಮಾನ ಮಾಡುವವರು ಅವರಲ್ಲ. ಸುರಕ್ಷತೆಯ ವಿಭಾಗ ಅಂತ ಬೇರೆಯೇ ಉಂಟು. ಆ ವಿಭಾಗಕ್ಕೆ ಫೋನೂ ಇಲ್ಲ, ಚಾಟೂ ಇಲ್ಲ. ಚಾಟ್‌ನವರಿಗೆ ಕಾಣುವುದು ನಮ್ಮ ಫೈಲಿನ ಮೇಲಿನ ಒಂದೆರಡು ಸಾಲು ಮಾತ್ರ. ಇದು ತಿಳಿಯದೆ ನಾನು ಅವರ ಹತ್ತಿರ ವಾದ ಮಾಡುತ್ತಾ ಕೂತಿದ್ದೆ. ಒಂದು ರಾತ್ರಿ ಸಿಕ್ಕಿದ ಹುಡುಗಿ ಮಾತ್ರ ಸ್ವಲ್ಪ ಬಾಯಿ ಬಿಟ್ಟಳು. "ನಿಮ್ಮ ಖಾತೆಯಲ್ಲಿ ತಪ್ಪು ಕಾಣುತ್ತಿಲ್ಲ ಸರ್. ಆದರೆ ಇದು ಇನ್ನೊಂದು ಖಾತೆಗೆ ಲಿಂಕ್ ಆಗಿದೆ. ಆ ಖಾತೆಯಲ್ಲಿ ಬಾಕಿ ಇದೆ."

ಯಾವ ಖಾತೆ ಅಂತ ಕೇಳಿದರೆ ಹೇಳುವ ಹಾಗಿಲ್ಲವಂತೆ. ಖಾಸಗಿ ಮಾಹಿತಿ.

ನನ್ನ ತಂಗಿಯ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಶನಿವಾರ ಊಟಕ್ಕೆ ನಮ್ಮಲ್ಲಿಗೆ ಬರುತ್ತಾನೆ. ಆ ವಾರ ಬಂದಾಗ ವಿಷಯ ಹೇಳಿದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಿದ.

"ಮಾವ, ನಾನು ಫಸ್ಟ್ ಇಯರ್‌ನಲ್ಲಿ ಒಂದು ಖಾತೆ ಮಾಡಿದ್ದೆ."

"ಎಂತಕ್ಕೆ?"

"ಮೊಬೈಲ್ ಕವರ್ ಮಾರ್ಲಿಕ್ಕೆ. ಒಂದೂ ಹೋಗ್ಲಿಲ್ಲ. ಮತ್ತೆ ಬಿಟ್ಟೆ."

"ವಿಳಾಸ ಯಾರದ್ದು ಕೊಟ್ಟದ್ದು?"

"ನಿಮ್ಮದೇ. ಹಾಸ್ಟೆಲ್‌ನಲ್ಲಿ ಪಾರ್ಸೆಲ್ ಕಳೆದುಹೋಗ್ತದಲ್ವಾ. ಫೋನ್ ನಂಬರೂ ನಿಮ್ಮದೇ ಕೊಟ್ಟ ನೆನಪು."

ಕವರ್ ಹೋಗದಿದ್ದರೂ ಲಿಸ್ಟಿಂಗ್‌ನ ಶುಲ್ಕ ಮಾತ್ರ ಬಿದ್ದಿತ್ತು. ಅದನ್ನು ಕಟ್ಟದೆ ಬಿಟ್ಟ. ತಾಣದವರು ಅವನ ಖಾತೆಯನ್ನು ಆಗಲೇ ನಿಲ್ಲಿಸಿದ್ದರು. ನೆನಪಿಸುವ ಇಮೇಲ್‌ಗಳು ಅವನು ಈಗ ತೆರೆದೂ ನೋಡದ ಹಳೆ ಐಡಿಗೆ ಹೋಗುತ್ತಿದ್ದವು. ಒಂದೇ ವಿಳಾಸ, ಒಂದೇ ಫೋನ್, ಒಂದೇ ಮನೆಯ ವೈಫೈ. ಕಂಪ್ಯೂಟರಿಗೆ ಅಷ್ಟು ಸಾಕು. ಬಾಕಿ ಇಟ್ಟು ಓಡಿದವನೇ ಬೇರೆ ಹೆಸರಲ್ಲಿ ಅಂಗಡಿ ಇಟ್ಟಿದ್ದಾನೆ ಅಂತ ಅದು ಲೆಕ್ಕ ಹಾಕಿತು. ನಿಜ ಹೇಳಬೇಕಾದರೆ ಆ ಲೆಕ್ಕ ಪೂರಾ ಅನ್ಯಾಯದ್ದೂ ಅಲ್ಲ. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಖಾತೆ ಅವನ ಖಾತೆಗಿಂತ ಎಷ್ಟೋ ವರ್ಷ ಹಳೆಯದು ಅನ್ನುವುದನ್ನಾದರೂ ನೋಡಬಹುದಿತ್ತು, ಅಷ್ಟೇ ನನ್ನ ತಕರಾರು.

ಬಾಕಿ ಎಷ್ಟು ಗೊತ್ತುಂಟಾ? 11 ಡಾಲರ್ ಚಿಲ್ಲರೆ.

ಕಟ್ಟಲು ಹೋದರೆ ಅವನ ಡೆಬಿಟ್ ಕಾರ್ಡ್ ನಡೆಯಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಆಫ್ ಆಗಿಯೇ ಬರುತ್ತದೆ. ನಾವೇ ಬ್ಯಾಂಕಿನ ಆ್ಯಪ್‌ಗೆ ಹೋಗಿ ಆನ್ ಮಾಡಬೇಕು. ನನ್ನ ಕಾರ್ಡಿನಲ್ಲೇ ಕಟ್ಟಿಬಿಡುವ ಅಂತ ಹೊರಟ ನಾನು ಅಲ್ಲೇ ನಿಂತೆ. ಅವನ ಖಾತೆಯ ಬಾಕಿಯನ್ನು ನನ್ನ ಕಾರ್ಡಿನಿಂದ ಕಟ್ಟಿದರೆ ಇಬ್ಬರೂ ಒಬ್ಬನೇ ಅಂತ ನಾನೇ ಬರೆದುಕೊಟ್ಟ ಹಾಗೆ ಆಗುತ್ತದೆ. ಅವನ ಕಾರ್ಡಿನಲ್ಲೇ ಆನ್ ಮಾಡಿಸಿ, ಅವನ ಮೊಬೈಲ್ ಡೇಟಾದಿಂದಲೇ, ನಮ್ಮ ವೈಫೈ ಬಿಟ್ಟು, ಕಟ್ಟಿಸಿದೆ. ರಸೀದಿಯ ಪ್ರತಿ ಇಟ್ಟುಕೊಂಡೆವು.

ಇಷ್ಟಾದ ಮೇಲೆ ಖಾತೆ ತಾನಾಗಿ ತೆರೆಯಬಹುದು ಅಂದುಕೊಂಡಿದ್ದೆ. ಇಲ್ಲ. ಈಗ ನೀವು ಬೇರೆ, ಅವನು ಬೇರೆ ಅಂತ ದಾಖಲೆ ಕೊಡಿ ಅಂತ ಬಂತು. ಗುರುತಿನ ಚೀಟಿ, ವಿಳಾಸದ ಪುರಾವೆ, ಬ್ಯಾಂಕ್ ಸ್ಟೇಟ್‌ಮೆಂಟ್. ಮೂರರಲ್ಲೂ ಹೆಸರು, ವಿಳಾಸ ಅಕ್ಷರಕ್ಕೆ ಅಕ್ಷರ ಕೂಡಬೇಕು.

ನಮ್ಮ ಕಡೆಯವರಿಗೆ ಇಲ್ಲೇ ತೊಂದರೆ ಇರುವುದು. ನನ್ನ ಶಾಲೆಯ ದಾಖಲೆಯಲ್ಲಿ ಎರಡು ಇನಿಷಿಯಲ್, ಮುಂದೆ ಹೆಸರು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಒಂದರ ಹಿಂದೆ ಒಂದು ಮೆರವಣಿಗೆ ಹೊರಟಿವೆ. ಬ್ಯಾಂಕಿನಲ್ಲಿ ಇನಿಷಿಯಲ್ ಹಾಗೇ ಉಂಟು, ಕೊನೆಗೆ ಕುಲದ ಹೆಸರು ಬೇರೆ ಸೇರಿದೆ. ಊರಿನವರಿಗೆ ಇದು ಮೂರೂ ಒಬ್ಬನೇ ಅಂತ ಹೇಳಬೇಕಾಗಿಲ್ಲ. ಇಂಗ್ಲಿಷ್ ಹೆಸರುಗಳನ್ನೇ ನೋಡಿ ಅಭ್ಯಾಸವಾದವರಿಗೆ ನಾನು ಮೂರು ಜನ.

ವಿಳಾಸದ ಕಥೆಯೂ ಅಷ್ಟೇ. ನಮ್ಮ ಮನೆಗೆ ಹೆಸರು ಉಂಟು, ಹತ್ತಿರದ ದೈವಸ್ಥಾನದ ಹೆಸರು ಉಂಟು, ಗ್ರಾಮ ಉಂಟು, ಅಂಚೆ ಉಂಟು. ರಸ್ತೆಯ ಹೆಸರು ಇಲ್ಲ. ತಾಣದ ಅರ್ಜಿಯಲ್ಲಿ ರಸ್ತೆ ಅನ್ನುವ ಜಾಗ ಖಾಲಿ ಬಿಡಲು ಬಿಡುವುದಿಲ್ಲ. ಮೊದಲ ಸಲ ತುಂಬಿಸುವಾಗ ಅಲ್ಲಿ ದೈವಸ್ಥಾನದ ಹತ್ತಿರ ಅಂತ ಬರೆದಿದ್ದೆ. ಆಧಾರ್‌ನಲ್ಲಿ ಅದು ಕೊನೆಯ ಸಾಲಿನಲ್ಲಿದೆ. ಮೆಸ್ಕಾಂ ಬಿಲ್ ತೆಗೆದರೆ ಅದು ತೀರಿಕೊಂಡ ಅಪ್ಪನ ಹೆಸರಿನಲ್ಲೇ ಬರುತ್ತಿದೆ, ಅದೂ ಕನ್ನಡದಲ್ಲಿ, ಎರಡು ತಿಂಗಳಲ್ಲಿ ಅಕ್ಷರ ಮಾಸುವ ಕಾಗದದಲ್ಲಿ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕರೆಂಟು ಬಿಲ್ ಬದುಕಿರುವವರ ಹೆಸರಿನಲ್ಲಿ ಉಂಟು ಹೇಳಿ!

ಬ್ಯಾಂಕಿನ ಸ್ಟೇಟ್‌ಮೆಂಟ್ ಸುಲಭ ಅಂದುಕೊಂಡಿದ್ದೆ. ಅಲ್ಲಿಯೂ ಒಂದು ಗಂಟು. ಉಡುಪಿಯಲ್ಲಿ ಹುಟ್ಟಿದ ಎರಡು ದೊಡ್ಡ ಬ್ಯಾಂಕುಗಳಲ್ಲಿ, 1906ರ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ 1925ರ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ 2020ರ ಏಪ್ರಿಲ್ 1ರಂದು ಸೇರಿಹೋದವು. ನನ್ನ ಖಾತೆ ಅವೆರಡರಲ್ಲಿ ಒಂದರದ್ದು. ದುಡ್ಡು ಬರುವುದಕ್ಕೆ ಯಾವತ್ತೂ ತೊಂದರೆ ಆಗಿಲ್ಲ, ಹೊಸ ಐಎಫ್‌ಎಸ್‌ಸಿ ಆಗಲೇ ತುಂಬಿಸಿದ್ದೆ. ಆದರೆ ತಾಣಕ್ಕೆ ಸೇರುವಾಗ ಕೊಟ್ಟ ಸ್ಟೇಟ್‌ಮೆಂಟ್ ಹಳೆ ಬ್ಯಾಂಕಿನದ್ದು, ಈಗ ಕೊಡುವುದು ಹೊಸ ಬ್ಯಾಂಕಿನದ್ದು. ಎಲ್ಲೋ ಕೂತು ಎರಡು ನಿಮಿಷದಲ್ಲಿ ಫೈಲ್ ನೋಡುವವರಿಗೆ ಅದು ಎರಡು ಬೇರೆ ಖಾತೆ.

ನೋಟರಿಯ ಹತ್ತಿರ ಹೋಗಿ, ಈ ಮೂರು ಹೆಸರಿನವನೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಿದೆ. ಛಾಪಾ ಕಾಗದ, ಸೀಲು, ಕೆಂಪು ಸ್ಟಾಂಪು, ನೋಡಲು ಗಂಭೀರವಾಗಿತ್ತು. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರ ಪಟ್ಟಿಯಲ್ಲಿ ಅಂಥದ್ದೊಂದು ದಾಖಲೆಯೇ ಇಲ್ಲ. ನಮ್ಮ ಕಚೇರಿಗಳಲ್ಲಿ ನಡೆಯುವುದು ಅಲ್ಲಿ ನಡೆಯುತ್ತದೆ ಅಂತ ನಂಬಬೇಡಿ.

ಕೆಲಸಕ್ಕೆ ಬಂದದ್ದು ಬ್ಯಾಂಕಿನ ಮ್ಯಾನೇಜರ್ ಕೊಟ್ಟ ಅರ್ಧ ಪುಟದ ಪತ್ರ. ಅವರು ಕೇರಳದ ಕಡೆಯವರು, ಮೊದಲು ಇಂಥ ಪತ್ರ ಕೊಡುವ ಪದ್ಧತಿ ಇಲ್ಲ ಅಂದರು. ನಾನು ಏನು ಬೇಕು ಅಂತ ಒಂದು ಕಾಗದದಲ್ಲಿ ಬರೆದು ತೋರಿಸಿದೆ. ಪ್ಯಾನ್‌ನಲ್ಲಿ ಇರುವ ಪೂರ್ತಿ ಹೆಸರು, ಈ ಖಾತೆ ಅವರದ್ದೇ ಅನ್ನುವುದು, ಬ್ಯಾಂಕ್ ವಿಲೀನ ಆದದ್ದು, ಹಳೆ ಐಎಫ್‌ಎಸ್‌ಸಿ ಮತ್ತು ಹೊಸದು, ವಿಳಾಸ. ಎಲ್ಲ ಬ್ಯಾಂಕಿನ ದಾಖಲೆಯಲ್ಲಿ ಇದ್ದದ್ದೇ. ಓದಿ ನೋಡಿ, "ಇದರಲ್ಲಿ ಸುಳ್ಳು ಏನೂ ಇಲ್ಲವಲ್ಲ" ಅಂತ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಸಿ ಸಹಿ ಹಾಕಿದರು. ಅದರ ಜೊತೆಗೆ ಬ್ಯಾಂಕಿನಲ್ಲಿದ್ದ ಹೆಸರನ್ನು ಪ್ಯಾನ್‌ನಲ್ಲಿ ಇರುವ ಹಾಗೇ ಬದಲಾಯಿಸಿಕೊಂಡೆ, ತಾಣದಲ್ಲಿ ವಿಳಾಸವನ್ನು ಆಧಾರ್‌ನ ಸಾಲುಗಳಂತೆ ಸರಿ ಮಾಡಿಸಲು ಕೇಳಿದೆ.

ಈ ಮಧ್ಯೆ ಕೆಲವು ಆರ್ಡರ್ ಕಳಿಸಲು ಬಾಕಿ ಇದ್ದವು. ಖಾತೆ ಬೀಳುವ ಮೊದಲೇ ಮಾರಿಹೋಗಿ, ಗಿರಾಕಿ ದುಡ್ಡು ಕೊಟ್ಟಾಗಿತ್ತು. ದುಡ್ಡು ನನಗೆ ಬಂದಿಲ್ಲ, ಹೋಲ್ಡ್‌ನಲ್ಲಿದೆ. ಮನೆಯಲ್ಲಿ, ದುಡ್ಡು ಬಾರದೆ ಯಾಕೆ ಕಳಿಸುವುದು ಅಂದರು. ನಾನು ಕಳಿಸಿದೆ. ಸಾಮಾನು ತಲುಪಲಿಲ್ಲ ಅಂತ ಗಿರಾಕಿ ದೂರು ಕೊಟ್ಟರೆ ಅದೂ ನನ್ನ ಫೈಲಿಗೇ ಸೇರುತ್ತದೆ. ಆಮೇಲೆ ಅಪೀಲು ಓದುವವರು ಮೊದಲು ನೋಡುವುದೇ ಅದನ್ನು. ವಿಳಾಸಗಳು ಹಳೆ ಇಮೇಲ್‌ಗಳಲ್ಲಿ ಇದ್ದವು. ಪುಣ್ಯಕ್ಕೆ ಟ್ರ್ಯಾಕಿಂಗ್ ನಂಬರ್ ಹಾಕುವ ಪುಟ ಮಾತ್ರ ತೆರೆಯುತ್ತಿತ್ತು. ಅಂಚೆ ಕಚೇರಿಯ ಕೌಂಟರಿನಲ್ಲಿ, "ಎಂತ ಮಾರಾಯ್ರೆ, ಈ ಸಲ ಇಷ್ಟು ಕಮ್ಮಿ?" ಅಂತ ಕೇಳಿದರು. ಮಳೆ ಅಂದೆ.

ಮಳೆಯ ಮಾತು ಸುಳ್ಳೂ ಅಲ್ಲ. ಆಟಿ ತಿಂಗಳಲ್ಲಿ ಸಾಮಾನು ಮನೆಯಲ್ಲಿ ಕೂರುವುದು ಅಂದರೆ ಅಂಚೆಚೀಟಿಯವರಿಗೆ ನಷ್ಟ. ಬಳಸದ ಚೀಟಿಯ ಹಿಂದಿನ ಅಂಟು ಕರಾವಳಿಯ ತೇವಕ್ಕೆ ಕರಗಿ ಒಂದಕ್ಕೊಂದು ಹಿಡಿಯುತ್ತದೆ. ಬಿಡಿಸಲು ನೀರಿಗೆ ಹಾಕಿದರೆ ಅಂಟು ಹೋಗುತ್ತದೆ, ಅಂಟು ಹೋದರೆ ಬೆಲೆಯೂ ಹೋಯಿತು. ಅಂಚಿನಲ್ಲಿ ಕಂದು ಚುಕ್ಕೆ ಬೀಳುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಒಣಗಿಸಿ ಮತ್ತೆ ಮತ್ತೆ ಡಬ್ಬಕ್ಕೆ ಹಾಕುತ್ತಿದ್ದೆ. ಆದರೂ ಗಾಂಧೀಜಿಯ ಒಂದು ಒಳ್ಳೆ ಬ್ಲಾಕ್, ಅಂದರೆ ಬಿಡಿಸದೆ ಒಟ್ಟಿಗೇ ಇರುವ ಚೀಟಿಗಳು, ಹಾಳಾಯಿತು. ಖಾತೆ ಸಸ್ಪೆಂಡ್ ಆದರೆ ಆಗುವ ನಷ್ಟದಲ್ಲಿ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಇಂಥ ಹೊತ್ತಿಗೇ ಸರಿಯಾಗಿ ವಾಟ್ಸ್ಆ್ಯಪ್‌ನಲ್ಲಿ ಒಬ್ಬ ಬಂದ. ತಾಣದ ಬೆಂಗಳೂರು ಕಚೇರಿಯವನಂತೆ. ಇಷ್ಟು ದುಡ್ಡು ಕೊಟ್ಟರೆ ನಾಳೆಯೇ ಖಾತೆ ಆನ್, ಒಟಿಪಿ ಮಾತ್ರ ಹೇಳಿದರೆ ಸಾಕು ಅಂದ. ಖಾತೆ ಹೋದವರನ್ನೇ ಹುಡುಕಿ ಹಿಡಿಯುವ ಜನ ಇವರು. ಸಹಾಯ ಕೇಳಿ ಎಲ್ಲಾದರೂ ಬರೆದಿದ್ದರೆ ಅಲ್ಲಿಂದ ನಂಬರ್ ಹೆಕ್ಕುತ್ತಾರೆ. ನಂಬರ್ ಬ್ಲಾಕ್ ಮಾಡಿ ಕೂತೆ. ದುಡ್ಡು ಕಳೆದುಕೊಂಡವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಅಪೀಲಿನ ಪತ್ರಕ್ಕೆ ಬರುತ್ತೇನೆ. ಮೊದಲು ಬರೆದದ್ದು ಸಿಟ್ಟಿನಲ್ಲಿ ಬರೆದದ್ದು. ಇಷ್ಟು ವರ್ಷದ ಸೇವೆ, ಇಷ್ಟು ಒಳ್ಳೆ ಫೀಡ್‌ಬ್ಯಾಕ್, ನೀವು ಹೀಗೆ ಮಾಡಬಹುದಾ ಅಂತೆಲ್ಲ. ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆ. ಅವರು ಓದಿ ನಕ್ಕರು. "ಇದರಲ್ಲಿ ನೀವು ಏನು ಕೇಳುತ್ತಿದ್ದೀರಿ ಅಂತ ಎಲ್ಲಿ ಉಂಟು?" ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದಾ ಅಂತ ಕೇಳಿದ್ದಕ್ಕೆ, ನೀವು ಅಲ್ಲಿ ಕೊಳ್ಳುವವರಲ್ಲ, ಮಾರುವವರು, ಅದು ಸುಲಭದ ದಾರಿ ಅಲ್ಲ ಅಂದರು. ಅದರ ಬದಲು ತಾಣದ ದೂರು ಅಧಿಕಾರಿಯ ವಿಳಾಸ ಹುಡುಕಿ ಅಂತ ಹೇಳಿಕೊಟ್ಟರು. 2021ರ ಐಟಿ ನಿಯಮಗಳ ಪ್ರಕಾರ ಇಲ್ಲಿ ಕೆಲಸ ಮಾಡುವ ಇಂಥ ತಾಣಗಳು ದೂರು ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು. ದೂರು ತಲುಪಿತು ಅಂತ 24 ಗಂಟೆಯೊಳಗೆ ತಿಳಿಸಬೇಕು, ಆಗಿನ ನಿಯಮದಂತೆ 15 ದಿನದೊಳಗೆ ತೀರ್ಮಾನ ಹೇಳಬೇಕಿತ್ತು. ಆ ವಿವರ ತಾಣದ ಷರತ್ತುಗಳ ಪುಟದಲ್ಲಿ ಬಹಳ ಕೆಳಗೆ ಇತ್ತು.

ಎರಡನೇ ಪತ್ರ ಚಿಕ್ಕದು. ಲಿಂಕ್ ಆದ ಖಾತೆ ನನ್ನ ತಂಗಿಯ ಮಗನದ್ದು, ಅವನು ನನ್ನ ವಿಳಾಸ, ಫೋನ್ ಬಳಸಿದ್ದ, ಬಾಕಿ ಕಟ್ಟಿಯಾಗಿದೆ, ರಸೀದಿ ಇಲ್ಲಿದೆ. ಅವನು ನನ್ನ ಯಾವ ಹರಾಜಿನಲ್ಲೂ ಬಿಡ್ ಮಾಡಿಲ್ಲ. ಈ ಕೊನೆಯ ಸಾಲು ವಕೀಲರೇ ಸೇರಿಸಿದ್ದು, ಒಳ್ಳೆಯದೇ ಆಯಿತು. ಮನೆಯವರೇ ಬಿಡ್ ಮಾಡಿ ಬೆಲೆ ಏರಿಸುವುದು ಹರಾಜು ತಾಣಗಳಲ್ಲಿ ದೊಡ್ಡ ಅಪರಾಧ. ಒಂದೇ ಮನೆಯಲ್ಲಿ ಎರಡು ಖಾತೆ ಕಂಡರೆ ಅವರ ತಲೆಗೆ ಬರುವ ಮೊದಲ ಅನುಮಾನ ಅದೇ. ಅವರು ಕೇಳುವ ಮೊದಲೇ ಉತ್ತರ ಕೊಟ್ಟ ಹಾಗಾಯಿತು. ಆಮೇಲೆ ಬ್ಯಾಂಕಿನ ಪತ್ರ, ಪ್ಯಾನ್, ಆಧಾರ್‌ನ ಮುಚ್ಚಿದ ಪ್ರತಿ, ಅಂದರೆ ಮೊದಲ 8 ಅಂಕೆ ಕಾಣದ ಪ್ರತಿ. ಜೊತೆಗೆ ಅಂಚೆಯ ರಸೀದಿ, ರಫ್ತು ಬಿಲ್‌ಗಳನ್ನು ಒಂದೇ ಪಿಡಿಎಫ್ ಮಾಡಿ ಇಟ್ಟೆ. ಎಲ್ಲದರ ಮೇಲೂ ಒಂದೇ ಹೆಸರು, ಒಂದೇ ಐಇಸಿ, ಐಇಸಿಯೂ ಪ್ಯಾನ್ ನಂಬರೂ ಒಂದೇ. ಇಷ್ಟು ಕಾಲ ಸಾಮಾನು ನಿಜವಾಗಿ ಕಳಿಸಿದವನು ನಾನೇ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನನ್ನ ಹತ್ತಿರ ಇರಲಿಲ್ಲ. ಕೊನೆಯಲ್ಲಿ ಕೇಳಿದ್ದು ಎರಡೇ: ಲಿಂಕ್ ತೆಗೆಯಿರಿ, ಖಾತೆ ತೆರೆಯಿರಿ.

ದೂರು ಅಧಿಕಾರಿಗೂ, ಅಪೀಲಿನ ಪುಟಕ್ಕೂ ಅದೇ ಪತ್ರ. ಪ್ರತಿ ಸಲ ಹೊಸ ದೂರು ಹಾಕದೆ ಅದೇ ದೂರಿನ ಸಂಖ್ಯೆಗೆ ಉತ್ತರ ಬರೆಯುತ್ತಾ ಹೋದೆ. ಹೊಸದಾಗಿ ಹಾಕಿದರೆ ಹೊಸ ಮನುಷ್ಯ, ಮತ್ತೆ ಮೊದಲಿನಿಂದ ಕಥೆ.

ಚೌತಿಗೆ ಸ್ವಲ್ಪ ಮೊದಲು ಖಾತೆ ತೆರೆಯಿತು. ಪರಿಶೀಲಿಸಿದ್ದೇವೆ, ನಿರ್ಬಂಧ ತೆಗೆದಿದ್ದೇವೆ, ಅಷ್ಟೇ. ತಪ್ಪಾಯಿತು ಅಂತ ಒಂದು ಮಾತಿಲ್ಲ. ಹಳೆ ಫೀಡ್‌ಬ್ಯಾಕ್ ಎಲ್ಲ ಹಾಗೇ ಇತ್ತು, ಸಮಾಧಾನ. ಹೋಲ್ಡ್‌ನಲ್ಲಿದ್ದ ಹಣ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಆದರೆ ಹೊಸಬರಿಗೆ ಇಡುವ ಹಾಗೆ ತಿಂಗಳಿಗೆ ಇಷ್ಟೇ ಲಿಸ್ಟಿಂಗ್ ಅಂತ ಲಿಮಿಟ್ ಹಾಕಿದ್ದರು.

ಅದೇ ವಾರ ಇನ್ನೊಂದು ಪೆಟ್ಟು. ಆಗಸ್ಟ್ 25ರಿಂದ ಅಂಚೆಯಲ್ಲಿ ಅಮೆರಿಕಕ್ಕೆ ವ್ಯಾಪಾರದ ಸಾಮಾನು ತೆಗೆದುಕೊಳ್ಳುವುದು ನಿಂತಿತು. 800 ಡಾಲರ್ ಒಳಗಿನ ಸಾಮಾನಿಗೆ ಅಲ್ಲಿದ್ದ ಸುಂಕ ವಿನಾಯಿತಿ ಆಗಸ್ಟ್ 29ಕ್ಕೆ ಮುಗಿಯುವುದಿತ್ತು, ಸುಂಕ ಯಾರು ವಸೂಲಿ ಮಾಡುವುದು ಅನ್ನುವುದೇ ತೀರ್ಮಾನ ಆಗಿರಲಿಲ್ಲ. ಖಾತೆ ಬಂತು, ಅರ್ಧ ಗಿರಾಕಿಗಳು ಹೋದರು. ಅಂಚೆ ಕಳಿಸಲಾಗದ ದೇಶಕ್ಕೆ ಮಾರಿ ಮತ್ತೆ ದೂರು ಬರಿಸಿಕೊಳ್ಳುವುದು ಬೇಡ ಅಂತ ನಾನು ಕೂಡಲೇ ಲಿಸ್ಟಿಂಗ್‌ಗಳಿಂದ ಅಮೆರಿಕವನ್ನು ತೆಗೆದುಬಿಟ್ಟೆ. ಅಕ್ಟೋಬರ್ 15ರಿಂದ ಬುಕಿಂಗ್ ಮತ್ತೆ ಶುರುವಾದ ಮೇಲೆ ಸೇರಿಸಿದೆ.

ಸೋದರಳಿಯ ಈಗ ಪಾರ್ಸೆಲ್‌ಗಳನ್ನು ಕಾಲೇಜಿನ ಹತ್ತಿರದ ಸ್ಟೇಷನರಿ ಅಂಗಡಿಗೆ ತರಿಸಿಕೊಳ್ಳುತ್ತಾನೆ. ಊಟಕ್ಕೆ ಬಂದಾಗ ನಮ್ಮ ವೈಫೈ ಪಾಸ್‌ವರ್ಡ್ ಕೇಳುತ್ತಾನೆ, ನಾನು ಕೊಡುವುದಿಲ್ಲ. ಲಿಮಿಟ್ ಇನ್ನೂ ಹಳೆ ಮಟ್ಟಕ್ಕೆ ಬಂದಿಲ್ಲ, ತಿಂಗಳಿಗೊಮ್ಮೆ ಏರಿಸಿ ಅಂತ ಕೇಳುತ್ತಿರುತ್ತೇನೆ. ಅಲ್ಲಿಯವರೆಗೆ ಬೆಂಕಿಪೊಟ್ಟಣದ ಲೇಬಲ್‌ಗಳನ್ನು ಒಂದೊಂದಾಗಿ ಇಡುವ ಬದಲು 50ರ ಕಟ್ಟು ಮಾಡಿ ಇಡುತ್ತಿದ್ದೇನೆ. ಕಟ್ಟಿಗೂ ಅವರ ಲೆಕ್ಕದಲ್ಲಿ ಒಂದೇ ಲಿಸ್ಟಿಂಗ್.